ಲೀಟರಿಗೆ ಏಳು ಮೈಲಿ

ನಮ್ಮ ಕಡೆಯ ಜನರು ಎಮ್ಮೆಯನ್ನು ಕೊಳ್ಳುವಾಗ ಕೇಳುವ ಪ್ರಶ್ನೆಯನ್ನೇ ಮೋಟಾರುಗಾಡಿಯನ್ನು ಕಂಡಾಗಲೂ ಕೇಳುತ್ತಾರೆ: “ಎಷ್ಟು ಕೊಡ್ತೈತ್ರೀ?” ಎಮ್ಮೆಯ ವಿಷಯದಲ್ಲಿ ಈ ಪ್ರಶ್ನೆ ನ್ಯಾಯವಾದುದು. ಅದು ಹಿಂಡಿ ಹುಲ್ಲುಗಳನ್ನು ತಿಂದು ಹಾಲು ಕೊಡತಕ್ಕ ಪ್ರಾಣಿ. ಮೋಟಾರಾದರೋ ಕೊಡುವುದು ಏನೂ ಇಲ್ಲ. ಅದರ ಜನ್ಮವೆಲ್ಲ ತೆಗೆದುಕೊಳ್ಳುವುದರಲ್ಲಿಯೇ ಕಳೆದುಹೋಗುತ್ತದೆ. ಆದರೂ “ಎಷ್ಟು ಕುಡೀತೈತ್ರೀ?” ಎಂದು ಕೇಳಿದವರನ್ನು ನಾನು ಈ ಎಪ್ಪತ್ತೈದು ವರುಷಗಳಲ್ಲಿ ಕಂಡವನಲ್ಲ. ಯೂರೋಪು ಖಂಡದವರು ಈ ವಿಷಯದಲ್ಲಿ ನಮಗಿಂತ ನಿಷ್ಠುರರು. ನೂರು ಕಿಲೋಮೀಟರು ಹೋಗಲು ಎಷ್ಟು ಲೀಟರು ಬೇಕು ಎಂಬುದೇ ಅವರ ಲೆಕ್ಕ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯವರು ೧೯೪೮ರಲ್ಲಿ ಜನರ ಮುಂದಿಟ್ಟ ಬಡವರ ಮೋಟಾರೊಂದಿತ್ತು. ಅದನ್ನು ರೂಪಿಸತಕ್ಕವರಿಗೆ ಯಜಮಾನರು ವಿಧಿಸಿದ್ದ ನಿಯಮ ಇದು: ಇಬ್ಬರು ರೈತರನ್ನೂ ಐವತ್ತು ಕಿಲೋಗ್ರಾಮು ಆಲೂಗೆಡ್ಡೆಯನ್ನೂ ಹೊತ್ತು, ಗಂಟೆಗೆ ಅರವತ್ತು ಕಿಲೋಮೀಟರಿನಂತೆ, ನೂರು ಕಿಲೋಮೀಟರಿಗೆ ಮೂರೇ ಲೀಟರು ಕುಡಿದು ಹೋಗಬೇಕು, ಉತ್ತ ಹೊಲದಲ್ಲಿ ಹಾಯ್ದರೂ ಬುಟ್ಟಿಯಲ್ಲಿಟ್ಟ ಮೊಟ್ಟೆ ಒಡೆಯಬಾರದು. ನಮ್ಮ ಹಿರಿಯರು ಸೊಸೆಯನ್ನು ತರುವಾಗಲೂ ಇಷ್ಟು ಷರತ್ತುಗಳನ್ನು ಹಾಕುತ್ತಿರಲಿಲ್ಲವೆಂದು ತೋರುತ್ತದೆ.

ಸಣ್ಣ ಮೋಟಾರು ಹುಟ್ಟಿದುದೇ ಕೈಬಿಗಿಯಿಂದ. ಇಂಗ್ಲೆಂಡಿನಲ್ಲಿ ಸರ್ಕಾರದವರು ಇಂಜಿನ್ನಿನ ಸಿಲಿಂಡರಿನ ಅಡ್ಡಳತೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ತೆರಿಗೆ ಹಾಕುತ್ತಿದ್ದರು. ಆದುದರಿಂದ ಅಲ್ಲಿನವರು ಸಿಲಿಂಡರನ್ನೇ ಸಣ್ಣದು ಮಾಡಿದರು. ೧೯೨೨ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಗಾಡಿಯ ಇಂಜಿನ್ನು ೭೪೭ ಘನ ಸೆಂಟಿಮೀಟರಿನದು. ‘ಬೇಬಿ ಆಸ್ಟಿನ್’ ಎಂದು ಮುದ್ದಿನ ಹೆಸರು ಹೊತ್ತು ಅದು ನಮ್ಮ ದೇಶಕ್ಕೂ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಗ್ಯಾಸಿನಿಂದ ಓಡಿಸಿದುದನ್ನು ನಮ್ಮ ಹಿಂದಿನ ತಲೆಯವರು ಬಲ್ಲರು. ಏರು ಬಂದೊಡನೆ ಪ್ರಯಾಣಿಕರೆಲ್ಲ ಇಳಿದು ನೂಕುತ್ತಿದ್ದರಂತೆ; ಇಳಿದವರಿಗೆ ಟಿಕೆಟ್ಟಿನ ದರದಲ್ಲಿ ಸೋಡಿ ಇರಲಿಲ್ಲವಂತೆ. ಈ ಕಥೆಯನ್ನು ನನಗೆ ಹೇಳಿದವರು ನನ್ನ ಸೋದರಮಾವಂದಿರು. ಈ ಬರಹವೂ ಅವರನ್ನೂ ಅವರ ಗಾಡಿಯನ್ನೂ ಕುರಿತದ್ದೇ.

ಮಾವನವರು ಹೊಸಪೇಟೆಯವರು. ಬಸವ ಕಾಲುವೆಯ ಕೆಳಗೆ ಅವರಿಗೆ ಕಬ್ಬಿನ ಗದ್ದೆ ಇದ್ದಿತು. ವಿಜಯನಗರದ ಅರಸರ ಕಾಲದ ಆ ಕಾಲುವೆ ಇಂದಿಗೂ ನೀರು ಹರಿಸುತ್ತಿದೆ. ಅಂಥ ನೀರನ್ನು ನೋಡುತ್ತ ಬೆಳೆದವರಿಗೆ ವ್ಯರ್ಥವಾಗಿ ಏನನ್ನೂ ಚೆಲ್ಲಬಾರದೆಂಬ ಬುದ್ಧಿ ಹುಟ್ಟುವುದು ಸಹಜ. ೧೯೬೭ರಲ್ಲಿ ಕಬ್ಬಿನ ಹಣ ಕೈಗೆ ಬಂದಾಗ ಅವರು ೧೯೫೯ನೆಯ ಇಸವಿಯ ಒಂದು ಫಿಯಟ್ ೧೧೦೦ ಗಾಡಿಯನ್ನು ಎರಡನೆಯ ಕೈಯಿಂದ ಕೊಂಡರು. ಬೊಂಬಾಯಿಯ ಪ್ರೀಮಿಯರ್ ಕಂಪನಿಯವರ ಗಾಡಿ ಅದು. ೧೦೮೯ ಘನ ಸೆಂಟಿಮೀಟರಿನ ಇಂಜಿನ್ನು, ಸ್ಟಿಯರಿಂಗಿನ ಕಂಬಕ್ಕೇ ಅಂಟಿಕೊಂಡ ಗೇರಿನ ಕೋಲು, ನಾಲ್ಕು ಗೇರುಗಳು. ಮುಂದಿನ ಬಾಗಿಲುಗಳು ಹಿಂದಕ್ಕೆ ತೆರೆದುಕೊಳ್ಳುತ್ತಿದ್ದುವು. ಸೀರೆಯುಟ್ಟವರಿಗೆ ಇದಕ್ಕಿಂತ ಅನುಕೂಲವಾದ ಬಾಗಿಲು ಇಲ್ಲವೆಂದು ಅತ್ತೆಯವರು ಕೊನೆಯವರೆಗೂ ಹೇಳುತ್ತಿದ್ದರು. ಓಡುವಾಗ ಬಾಗಿಲು ತೆರೆದುಕೊಂಡರೆ ಗಾಳಿ ಅದನ್ನು ಕಿತ್ತೊಯ್ಯುವುದೆಂಬ ಕಾರಣದಿಂದ ಮುಂದೆ ೧೯೬೪ರ ಮಾದರಿಯಲ್ಲಿ ಅದನ್ನು ಬದಲಿಸಿದ್ದರು. ಅತ್ತೆಯವರಿಗೆ ಈ ಕಾರಣ ಒಪ್ಪಿಗೆಯಾಗಲಿಲ್ಲ.

ಗಾಡಿಯ ಜೊತೆಯಲ್ಲಿಯೇ ಒಂದು ಪುಸ್ತಕವೂ ಮನೆಗೆ ಬಂದಿತು. ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ಖಾತೆಪುಸ್ತಕ. ಅಂಗಡಿಯವರು ಸಾಲ ಬರೆದಿಡುವಂಥದು. ಅದರಲ್ಲಿ ಮಾವನವರು ಆರು ಅಂಕಣಗಳನ್ನು ಗೀಚಿದರು: ತಾರೀಖು, ಲೀಟರು, ರೂಪಾಯಿ, ಮೈಲಿ, ಸರಾಸರಿ, ಷರಾ. ಗಾಡಿಯ ಗಡಿಯಾರ ಮೈಲಿಗಳಲ್ಲಿ ಎಣಿಸುತ್ತಿತ್ತು. ಬಂಕಿನವರು ಅಷ್ಟು ಹೊತ್ತಿಗೆ ಲೀಟರಿಗೆ ತಿರುಗಿದ್ದರು. ಆದುದರಿಂದ ಮಾವನವರ ಸರಾಸರಿ ಇಂಗ್ಲೀಷರ ಮೈಲಿಗೂ ಫ್ರೆಂಚರ ಲೀಟರಿಗೂ ಹುಟ್ಟಿದ ಮಿಶ್ರ ಸಂತಾನವಾಯಿತು. ಆ ಸಂಖ್ಯೆ ಏಳು. ಲೀಟರಿಗೆ ಏಳು ಮೈಲಿ. ಕಿಲೋಮೀಟರಿನಲ್ಲಿ ಹೇಳಿದರೆ ಹನ್ನೊಂದೂಕಾಲು. ಹಳೆಯ ಗ್ಯಾಲನ್ನಿನ ಲೆಕ್ಕದಲ್ಲಿ ಮೂವತ್ತೆರಡು ಮೈಲಿಗೆ ಕೂದಲೆಳೆಯಷ್ಟು ಕಡಿಮೆ. ಒಂದೇ ಗಾಡಿ, ಒಂದೇ ರಸ್ತೆ. ಏಳು ಎಂದರೆ ಬಡತನ, ಮೂವತ್ತೆರಡು ಎಂದರೆ ಐಶ್ವರ್ಯ. ಹೊಸಪೇಟೆಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯೊಂದನ್ನು ಇಟ್ಟಿದ್ದ ವಕೀಲರೊಬ್ಬರು ತಮ್ಮ ಗಾಡಿಯ ಮಾತು ಬಂದಾಗಲೆಲ್ಲ ಗ್ಯಾಲನ್ನನ್ನೇ ಬಳಸುತ್ತಿದ್ದರು. ಮಾವನವರು ಒಪ್ಪಿಕೊಂಡು ತಲೆದೂಗಿ, ಮನೆಗೆ ಬಂದು ನಾಲ್ಕೂವರೆಯಿಂದ ಭಾಗಿಸಿ ನೋಡಿ ನೆಮ್ಮದಿಯಾಗಿ ಊಟಕ್ಕೆ ಕೂಡುತ್ತಿದ್ದರು.

ಈ ಏಳನ್ನು ಕಾಯುವುದಕ್ಕೆ ಅವರು ಪಟ್ಟ ಪಾಡನ್ನು ಹೇಳಬೇಕು. ಈಗಿನ ಮೋಟಾರುಗಳಲ್ಲಿ ಇಂಜಿನ್ನಿನ ಒಂದೊಂದು ಉಸಿರಿಗೂ ಎಷ್ಟು ಪೆಟ್ರೋಲು ಬೇಕೆಂಬುದನ್ನು ಒಂದು ಕಂಪ್ಯೂಟರು ಅಳೆದು ಕೊಡುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಹಳೆಯ ಗಾಡಿಗಳಲ್ಲಿ ಆ ಕೆಲಸವನ್ನು ಮಾಡುತ್ತಿದ್ದುದು ಕಾರ್ಬುರೇಟರ್ ಎಂಬ ಪುಟ್ಟ ಲೋಹದ ಪಾತ್ರೆ. ಇಂಜಿನ್ನು ಗಾಳಿಯನ್ನು ಎಳೆದುಕೊಳ್ಳುವಾಗ ಆ ಗಾಳಿ ಒಂದು ಇರುಕಿನ ಗಂಟಲಿನಲ್ಲಿ ಹಾಯ್ದು, ಜೆಟ್ಟು ಎಂಬ ಸೂಕ್ಷ್ಮವಾದ ರಂಧ್ರದಿಂದ ಪೆಟ್ರೋಲನ್ನು ತುಂತುರಾಗಿ ಸೆಳೆದುಕೊಳ್ಳುವುದು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಸೇರಿದರೆ ಅದು ಹದವಾದ ಮಿಶ್ರಣ. ಆದರೆ ಆ ರಂಧ್ರಕ್ಕೆ ಬುದ್ಧಿಯಿಲ್ಲ. ಬೆಳಗಿನ ಚಳಿಯಲ್ಲಿ ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚುತ್ತದೆ. ಎಳೆದ ಚೋಕನ್ನು ಒಳಕ್ಕೆ ನೂಕಲು ಮರೆತವನ ಹಣ ಹೊಗೆಯಾಗಿ ಹಿಂದಿನ ಕೊಳವೆಯಿಂದ ಹೋಗುತ್ತದೆ. ಅದರ ಮೇಲೆ ಆ ಕಾಲದ ಪೆಟ್ರೋಲೂ ಅಷ್ಟಕ್ಕಷ್ಟೆ; ಹೆಚ್ಚು ಒತ್ತಿದರೆ ಕಾಲಕ್ಕೆ ಮುಂಚೆಯೇ ಸಿಡಿದು ಇಂಜಿನ್ನು ಟಣಟಣನೆ ಬಡಿದುಕೊಳ್ಳುತ್ತಿತ್ತು. ಆದುದರಿಂದ ಇಂಜಿನ್ನುಗಳಲ್ಲಿ ಒತ್ತಡದ ಪ್ರಮಾಣವನ್ನೇ ಕಡಿಮೆ ಇಡುತ್ತಿದ್ದರು. ಒತ್ತಡ ಕಡಿಮೆಯಾದರೆ ಅದೇ ಪೆಟ್ರೋಲಿನಿಂದ ಬರುವ ಕೆಲಸವೂ ಕಡಿಮೆ. ಹಳೆಯ ಗಾಡಿಗಳು ಈಗಿನವುಗಳಿಗಿಂತ ಹೆಚ್ಚು ಕೊಡುತ್ತಿದ್ದುವೆಂದು ಹೇಳುವ ಮುದುಕರ ಮಾತನ್ನು, ನಾನೂ ಮುದುಕನಾಗಿಯೂ, ನಂಬಲಾರೆನು. ಲೆಕ್ಕದ ಪುಸ್ತಕ ನನ್ನ ಬಳಿಯಲ್ಲಿಯೇ ಇದೆ.

ಮೂರು ತಿಂಗಳಿಗೊಮ್ಮೆ ಮಾವನವರು ಗಾಡಿಯನ್ನು ಮಿಸ್ತ್ರಿ ಸಾಹೇಬರ ಬಳಿಗೆ ಒಯ್ಯುತ್ತಿದ್ದರು. ಸಾಹೇಬರು ಮೊದಲು ಪ್ಲಗ್ಗನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡುವರು. ವೈದ್ಯರು ನಾಲಗೆಯನ್ನು ನೋಡುವಂತೆಯೇ ಅದು. ಪ್ಲಗ್ಗಿನ ತುದಿ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲು ಅತಿಯಾಗಿದೆ. ಸುಣ್ಣದಂತೆ ಬಿಳಿಯಾಗಿದ್ದರೆ ಕಡಿಮೆಯಾಗಿದೆ, ಇಂಜಿನ್ನು ಕಾಯುತ್ತದೆ. ಹದವಾಗಿ ಹುರಿದ ಗೋಧಿಯ ಬಣ್ಣವಿದ್ದರೆ ಆರೋಗ್ಯ. “ಸಾವ್ಕಾರ್ರೇ, ಗೋಧಿ ಬಂದೈತ್ರಿ, ಇನ್ನ ಮುಟ್ಟಬ್ಯಾಡ್ರಿ” ಎಂದು ಸಾಹೇಬರು ಹೇಳಿದ ದಿನ ಮಾವನವರು ಅವರಿಗೆ ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಆ ಚಹಾದ ಖರ್ಚು ಷರಾ ಅಂಕಣದಲ್ಲಿ ಇದೆ. ಹೊಸ ಬಂಕಿನಲ್ಲಿ ಪೆಟ್ರೋಲು ಹಾಕಿಸುವಾಗ ಒಂದು ಬಿಳಿಯ ಶೋಧಕ ಕಾಗದದ ಮೇಲೆ ಒಂದು ಹನಿ ಬೀಳಿಸಿ ಎರಡು ನಿಮಿಷ ಕಾಯುವುದು ಅವರ ಪದ್ಧತಿ. ಶುದ್ಧವಾದ ಪೆಟ್ರೋಲು ಗುರುತಿಲ್ಲದೆ ಆರುವುದು. ಸೀಮೆಎಣ್ಣೆ ಬೆರೆತಿದ್ದರೆ ಕಲೆ ಉಳಿಯುವುದು. ಬಂಕಿನ ಹುಡುಗರು ನಗುತ್ತಿದ್ದರು. ಹಿಂದೆ ನಿಂತ ಲಾರಿಯವರು ಹಾರನ್ನು ಹೊಡೆಯುತ್ತಿದ್ದರು. ಮಾವನವರು ಕಾಗದವನ್ನೇ ನೋಡುತ್ತ ನಿಂತಿರುತ್ತಿದ್ದರು.

ಓಡಿಸುವಲ್ಲಿ ಅವರದು ಒಂದೇ ನಿಯಮ: ಗಂಟೆಗೆ ನಲವತ್ತು ಮೈಲಿಯನ್ನು ದಾಟಬಾರದು. ಇದು ಹೆದರಿಕೆಯಿಂದ ಬಂದುದಲ್ಲ, ಗಣಿತದಿಂದ ಬಂದುದು. ಎದುರುಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ನಲವತ್ತು ಮೈಲಿಯ ಆಚೆಗೆ ನಾವು ಸುಡುವ ಪೆಟ್ರೋಲಿನಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುವುದೆಂದು ಅವರು ಎಲ್ಲಿಯೋ ಓದಿದ್ದರು. “ಗಾಳಿಗೆ ಯಾಕ ರೊಕ್ಕ ಕೊಡಬೇಕು?” ಎಂಬುದು ಅವರ ಮಾತು. ಆದರೆ ಜಿಪುಣತನಕ್ಕೂ ಅವರಲ್ಲಿ ಒಂದು ಮೇರೆ ಇದ್ದಿತು. ಸಂಡೂರಿನ ಬೆಟ್ಟಗಳ ರಸ್ತೆಯಲ್ಲಿ ಇಳಿಯುವಾಗ ಆ ಕಾಲದ ಡ್ರೈವರುಗಳು ಗೇರನ್ನು ಬಿಡಿಸಿ, ಕೆಲವರು ಇಂಜಿನ್ನನ್ನೇ ಆರಿಸಿ, ಗಾಡಿಯನ್ನು ಉರುಳಲು ಬಿಡುತ್ತಿದ್ದರು. ಅರ್ಧ ಲೀಟರು ಉಳಿಯುವುದೇನೋ ನಿಜ. ಆದರೆ ಇಂಜಿನ್ನಿನ ಹಿಡಿತ ತಪ್ಪಿದ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದು. ಡ್ರಮ್ಮು ಕಾದು, ಬ್ರೇಕು ಹಿಡಿಯದೆ, ಕೊನೆಯ ತಿರುವಿನಲ್ಲಿ ಏನಾಗುವುದೆಂಬುದನ್ನು ನಾರಿಹಳ್ಳದ ಕಣಿವೆ ಬಲ್ಲುದು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯಲ್ಲಿ ಮಾನವನ್ನು ತೆಗೆದು ಪ್ರಾಣವನ್ನು ಹಾಕಿ, ಮಾವನವರು ಇಳಿಜಾರಿನಲ್ಲಿ ಎರಡನೆಯ ಗೇರನ್ನೇ ಹಿಡಿಯುತ್ತಿದ್ದರು.

ಆ ಷರಾಗಳನ್ನು ಓದುತ್ತ ಹೋದರೆ ನಮ್ಮ ಸೀಮೆಯ ಅರ್ಧ ಶತಮಾನದ ಚರಿತ್ರೆಯೇ ಸಿಗುವುದೆಂದರೆ ಅತಿಶಯವಲ್ಲ. “ಕಂಪ್ಲಿ ಸಂತೆ, ಆರು ಜನ, ಎರಡು ಕುಂಬಳಕಾಯಿ, ೬೫/೮.” “ಹಂಪೆ ತೇರು, ಎಂಟು ಜನ (ನಾಲ್ಕು ಹುಡುಗರು), ದಾರಿಯಲ್ಲಿ ಜನಸಂದಣಿ, ೬.” “ವಡ್ಡು, ತಂಗಿಯ ಮನೆ, ಜೋಳದ ಚೀಲ ೨, ೭.” ವಡ್ಡು ನನ್ನ ಊರು, ಆ ತಂಗಿ ನನ್ನ ತಾಯಿ. ೧೯೭೩ರ ಅಕ್ಟೋಬರಿನಲ್ಲಿ ಅರಬ್ ದೇಶಗಳವರು ಎಣ್ಣೆಯನ್ನು ಬಿಗಿಹಿಡಿದರು. ಕೆಲವೇ ತಿಂಗಳುಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ನಾಲ್ಕು ಪಟ್ಟಾಯಿತು. ಪುಸ್ತಕದಲ್ಲಿ ಅದುವರೆಗೆ ವಾರಕ್ಕೊಂದು ಬರುತ್ತಿದ್ದ ನಮೂದು ೧೯೭೪ರಲ್ಲಿ ತಿಂಗಳಿಗೊಂದಾಗಿದೆ. ನಮ್ಮ ಮನೆಗೆ ಮಾವನವರು ಬರುವುದೂ ಹಾಗೆಯೇ ಕಡಿಮೆಯಾಯಿತು. ದೂರದ ಮರಳುಗಾಡಿನ ಅರಸರು ಮುನಿಸಿಕೊಂಡರೆ ವಡ್ಡಿನ ಒಬ್ಬ ಹೆಣ್ಣುಮಗಳು ತನ್ನ ಅಣ್ಣನ ಮುಖವನ್ನು ಕಾಣದೆ ಎರಡು ಹಬ್ಬಗಳನ್ನು ಕಳೆಯಬೇಕಾಗುವುದೆಂಬುದನ್ನು ನಾನು ಅರ್ಥಶಾಸ್ತ್ರದ ಯಾವ ಗ್ರಂಥದಲ್ಲಿಯೂ ಓದಿದವನಲ್ಲ.

ಇದೇ ಎಣ್ಣೆಯ ಕಾಟದಿಂದ ನಮ್ಮ ನಾಡಿನಲ್ಲಿಯೂ ಸಣ್ಣ ಮೋಟಾರಿನ ಒಂದು ಸಾಹಸ ನಡೆಯಿತು. ಅದನ್ನು ಜನರು ಮರೆತಿದ್ದಾರೆ. ಬೆಂಗಳೂರಿನ ಸಿಪಾನಿಯವರು ಮೊದಲು ‘ಬಾದಲ್’ ಎಂಬ ಮೂರು ಚಕ್ರದ ಗಾಡಿಯನ್ನು ಮಾಡಿದರು; ಸ್ಕೂಟರಿನ ಜಾತಿಯ ಇಂಜಿನ್ನು ಅದಕ್ಕೆ. ಬಳಿಕ ೧೯೮೨ರಲ್ಲಿ ‘ಡಾಲ್ಫಿನ್’ ಬಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಗಾಡಿಯ ನಕಾಶೆ, ೮೪೮ ಘನ ಸೆಂಟಿಮೀಟರಿನ ಇಂಜಿನ್ನು, ಮೈಯೆಲ್ಲ ಗಾಜಿನ ನಾರಿನದು. ತಗಡು ಇಲ್ಲದುದರಿಂದ ತೂಕ ಹಗುರ. ತೂಕ ಹಗುರವಾದುದರಿಂದ ಕುಡಿಯುವುದೂ ಕಡಿಮೆ. ಮಾವನವರು ಬೆಂಗಳೂರಿಗೆ ಹೋಗಿದ್ದಾಗ ಅದನ್ನು ಬೆರಳಿನಿಂದ ತಟ್ಟಿ ನೋಡಿ, “ಮಡಕೆ ಇದ್ದಂಗ ಐತಿ” ಎಂದು ಬಂದರು. ಅವರು ಹೇಳಿದುದು ನಿಂದೆಯಲ್ಲ. ಮಡಕೆಯಲ್ಲಿ ನೀರು ತಣ್ಣಗಿರುವುದೆಂಬುದನ್ನು ಅವರು ಬಲ್ಲವರು. ಆದರೆ ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದಿತು. ಅದರ ಮುಂದೆ ಮಡಕೆಯೂ ನಿಲ್ಲಲಿಲ್ಲ, ಮಾವನವರ ಏಳೂ ನಿಲ್ಲಲಿಲ್ಲ. ೭೯೬ ಘನ ಸೆಂಟಿಮೀಟರಿನ ಆ ಹುಡುಗ ಗಾಡಿ ಅದೇ ರಸ್ತೆಯಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು, ಫಿಯಟ್ಟಿನ ಒಂದೂವರೆಯಷ್ಟನ್ನು ಸುಲಭವಾಗಿ ಕೊಡುತ್ತಿತ್ತು. ಕೊಳ್ಳಲು ಎಲ್ಲರೂ ಹೇಳಿದರು. ಆ ವರ್ಷ ಮಾವನವರ ಮನಸ್ಸು ಆ ಕಡೆಗೆ ಇರಲಿಲ್ಲ.

೧೯೮೪ರ ಬೇಸಿಗೆಯಲ್ಲಿ ಅತ್ತೆಯವರಿಗೆ ಕಾಯಿಲೆಯಾಯಿತು. ವಾರಕ್ಕೆ ಎರಡು ಸಲ ಬಳ್ಳಾರಿಗೆ ಕರೆದೊಯ್ಯಬೇಕೆಂದು ವೈದ್ಯರು ವಿಧಿಸಿದರು. ಹೊಸಪೇಟೆಯಿಂದ ಬಳ್ಳಾರಿಗೆ ನಲವತ್ತು ಮೈಲಿ. ಹೋಗಿ ಬರಲು ಎಂಬತ್ತು. ಮೂರು ತಿಂಗಳು ಹಾಗೆ ನಡೆಯಿತು. ಪುಸ್ತಕದಲ್ಲಿ ಆ ಮೂರು ತಿಂಗಳ ನಮೂದುಗಳು ಎರಡು ಪುಟಗಳನ್ನು ತುಂಬಿವೆ. ತಾರೀಖು ಇದೆ, ಲೀಟರು ಇದೆ, ರೂಪಾಯಿ ಇದೆ, ಗಡಿಯಾರದ ಮೈಲಿ ಇದೆ. ಷರಾದಲ್ಲಿ “ಬಳ್ಳಾರಿ” ಎಂಬ ಒಂದೇ ಪದ, ಕೆಳಗೆಲ್ಲ ಅದೇ ಅದೇ ಎಂಬ ಚುಕ್ಕೆಗಳು. ಸರಾಸರಿಯ ಅಂಕಣ ಮಾತ್ರ ಬರಿದಾಗಿದೆ. ಹದಿನೇಳು ವರ್ಷ ಒಂದು ಸಲವೂ ತಪ್ಪದೆ ಭಾಗಾಕಾರ ಮಾಡಿದ ಮನುಷ್ಯ ಇಪ್ಪತ್ತೈದು ಸಲ ಅದನ್ನು ಮಾಡದೆ ಬಿಟ್ಟಿದ್ದಾರೆ.

ಪುಸ್ತಕ ನನ್ನ ಕೈಗೆ ಬಂದ ಮೇಲೆ ಒಂದು ರಾತ್ರಿ ನಾನು ಕುಳಿತು ಆ ಭಾಗಾಕಾರಗಳನ್ನು ಬೇರೆ ಕಾಗದದ ಮೇಲೆ ಮಾಡಿದೆನು. ಮೇಷ್ಟರ ಕೈ, ಖಾಲಿ ಅಂಕಣವನ್ನು ಕಂಡರೆ ಸುಮ್ಮನಿರದು. ರಸ್ತೆ ಬಯಲು ಸೀಮೆಯದು, ಏರಿಲ್ಲ, ಗಾಡಿಯಲ್ಲಿ ಇಬ್ಬರೇ. ಏಳೂವರೆಯಾದರೂ ಬರಬೇಕಾಗಿದ್ದಿತು. ಬಂದುದು ಐದೂಮುಕ್ಕಾಲು, ಐದೂವರೆ, ಒಂದೆರಡು ದಿನ ಐದೂಕಾಲು. ಆ ಗಾಡಿ ಅವರ ಕೈಯಲ್ಲಿ ಅಷ್ಟು ಕಡಿಮೆ ಕೊಟ್ಟುದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಕಾರ್ಬುರೇಟರಿನ ದೋಷವೆಂದುಕೊಳ್ಳೋಣವೆಂದರೆ ಅದೇ ತಿಂಗಳು ಸಾಹೇಬರು ಪ್ಲಗ್ಗನ್ನು ನೋಡಿ ಗೋಧಿ ಎಂದುದು ದಾಖಲೆಯಲ್ಲಿದೆ. ಗಾಳಿಗೆ ರೊಕ್ಕ ಕೊಡುವುದಿಲ್ಲವೆಂದಿದ್ದವರು ಎಷ್ಟು ವೇಗದಲ್ಲಿ ಹೋಗುತ್ತಿದ್ದಿರಬೇಕೆಂಬುದನ್ನು ಅಂಕಿಗಳಿಂದ ಹಿಂದಕ್ಕೆ ಎಣಿಸಬಹುದು. ನಾನು ಎಣಿಸಲಿಲ್ಲ. ಆ ಕಾಗದವನ್ನು ಪುಸ್ತಕದಲ್ಲಿ ಇಡಲೂ ಇಲ್ಲ. ಅತ್ತೆಯವರು ಶ್ರಾವಣದಲ್ಲಿ ತೀರಿಕೊಂಡರು. ಮುಂದಿನ ನಮೂದು ದೀಪಾವಳಿಯ ನಂತರದ್ದು: “ವಡ್ಡು, ಒಬ್ಬನೇ, ೭೧/೨.” ಒಬ್ಬನೇ ಎಂಬ ಷರಾ ಆ ಪುಸ್ತಕದಲ್ಲಿ ಮೊದಲು ಬಂದುದು ಅಲ್ಲಿ.

ಮಾವನವರು ೧೯೯೬ರಲ್ಲಿ ತೀರಿಕೊಂಡ ಮೇಲೆ ಗಾಡಿಯೂ ಪುಸ್ತಕವೂ ವಡ್ಡಿಗೆ ಬಂದುವು. ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. “ಭಾವ, ನೀವೇ ಇಟ್ಟುಕೊಳ್ಳಿ, ನನಗೆ ನಿಲ್ಲಿಸಲು ಜಾಗವಿಲ್ಲ” ಎಂದನು. ಅಂಕಣಗಳನ್ನು ನಾನು ಮುಂದುವರಿಸಿದೆನು. ಆಮೇಲೆ ಬಂದುದು ಅದುರಿನ ಕಾಲ. ಚೀನಾ ದೇಶದವರು ನಮ್ಮ ಬೆಟ್ಟಗಳನ್ನು ಕೊಳ್ಳುತ್ತಿದ್ದಾರೆಂಬ ಸುದ್ದಿ ಹಬ್ಬಿದಂದಿನಿಂದ ಸಂಡೂರು, ತೋರಣಗಲ್ಲು, ಹೊಸಪೇಟೆಗಳ ರಸ್ತೆಗಳಲ್ಲಿ ಲಾರಿಯ ಹಿಂದೆ ಲಾರಿ. ಮರದ ಎಲೆಗಳು ಕೆಂಪಾದುವು. ಒಣಗಹಾಕಿದ ಪಂಚೆ ಕೆಂಪಾಯಿತು. ಗಾಡಿಯ ಗಾಳಿಶೋಧಕವನ್ನು ಬಿಚ್ಚಿ ಕೊಡವಿದರೆ ಕುಂಕುಮದ ಭರಣಿ ಮಗುಚಿದಂತೆ ಕಾಣುವುದು. ಉಸಿರು ಕಟ್ಟಿದ ಇಂಜಿನ್ನು ಪೆಟ್ರೋಲನ್ನು ಹೆಚ್ಚಾಗಿ ಎಳೆಯುತ್ತದೆ. ಅದರ ಮೇಲೆ ಮೊದಲ ಗೇರಿನಲ್ಲಿ ತೆವಳುವುದು, ನಿಲ್ಲುವುದು, ಮತ್ತೆ ತೆವಳುವುದು. ೨೦೦೬ರಿಂದ ೨೦೧೦ರವರೆಗಿನ ನನ್ನ ಸರಾಸರಿಗಳಲ್ಲಿ ಆರನ್ನು ಮುಟ್ಟಿದುವು ನಾಲ್ಕೇ. ೨೦೧೧ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದವರು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದರು. ಆಗಸ್ಟಿನ ನಮೂದು ಆರೂಮುಕ್ಕಾಲು. ಎಷ್ಟೋ ಮನೆಗಳಲ್ಲಿ ಲಾರಿಯ ಸಾಲದ ಕಂತು ಕಟ್ಟಲಾರದೆ ಒಲೆ ಆರಿದ ತಿಂಗಳೂ ಅದೇ. ಆ ನಮೂದಿನ ಎದುರಿಗೆ ಏನು ಷರಾ ಬರೆಯಬೇಕೆಂದು ತಿಳಿಯದೆ “ರಸ್ತೆ ಖಾಲಿ” ಎಂದಷ್ಟೇ ಬರೆದಿದ್ದೇನೆ.

ಮಾವನವರ ಮಗ ಬಂದಾಗಲೆಲ್ಲ ನನಗೂ ಅವನಿಗೂ ಒಂದು ವಾದ ನಡೆಯುವುದು. ಅವನ ಹೊಸ ಗಾಡಿ ಲೀಟರಿಗೆ ಹದಿನೆಂಟು ಕಿಲೋಮೀಟರು ಕೊಡುತ್ತದೆ; ನನ್ನದು ಹನ್ನೊಂದು. “ಹಳೇ ಗಾಡಿ ದೇಶಕ್ಕೆ ನಷ್ಟ, ಭಾವ” ಎನ್ನುವನು. ಯಂತ್ರದ ಮಟ್ಟಿಗೆ ಅವನ ಮಾತು ಸರಿ. ನಾನು ಆಗಲೇ ಒಪ್ಪಿಕೊಂಡಿದ್ದೇನೆ. ಆದರೆ ಅವನು ದಿನವೂ ಒಬ್ಬನೇ ಕುಳಿತು ಕಚೇರಿಗೆ ಹೋಗುತ್ತಾನೆ. ಹದಿನೆಂಟನ್ನು ಒಂದು ತಲೆಗೆ ಭಾಗಿಸಿದರೆ ಹದಿನೆಂಟೇ. ಅವನ ತಂದೆ ಐದು ಜನರಿಲ್ಲದೆ ಗಾಡಿಯನ್ನು ಹೊರಕ್ಕೆ ತೆಗೆದವರಲ್ಲ. ಹನ್ನೊಂದನ್ನು ಐದರಿಂದ ಗುಣಿಸಿದರೆ ಐವತ್ತೈದು. ಒಂದು ಲೀಟರು ಪೆಟ್ರೋಲಿನಿಂದ ಒಬ್ಬ ಮನುಷ್ಯನನ್ನು ಐವತ್ತೈದು ಕಿಲೋಮೀಟರು ಒಯ್ದಂತಾಯಿತು. ಅಷ್ಟಲ್ಲದೆ, ಬೀದಿಯ ತುದಿಯ ಅಂಗಡಿಗೆ ಕೊತ್ತಂಬರಿ ತರಲು ಮಾವನವರು ಎಂದೂ ಮೋಟಾರಿನಲ್ಲಿ ಹೋದವರಲ್ಲ. ಪುಸ್ತಕವನ್ನು ಕೂಡಿಸಿ ನೋಡಿದರೆ ಅವರು ಒಂದು ವರ್ಷದಲ್ಲಿ ಓಡಿಸಿದುದು ಎರಡೂವರೆ ಸಾವಿರ ಮೈಲಿಯನ್ನು ಮೀರಿಲ್ಲ; ಮಗನು ಅಷ್ಟನ್ನು ಬೆಂಗಳೂರಿನ ಒಂದೇ ಮಳೆಗಾಲದಲ್ಲಿ ಓಡಿಸುತ್ತಾನೆ. ಇದನ್ನು ಹೇಳಿದರೆ ಅವನು ನಕ್ಕು, “ನೀವು ಗಾಡಿಯ ಲೆಕ್ಕ ಕೇಳಿದರೆ ಮನುಷ್ಯರ ಲೆಕ್ಕ ಹೇಳುತ್ತೀರಿ” ಎನ್ನುವನು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದವರು ಅವನ ತಂದೆಯೇ.

ಈಚೆಗೆ ಒಂದು ಹೊಸ ಸಂಗತಿ ನಡೆದಿದೆ. ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲನ್ನು ಬೆರೆಸುವುದು ೨೦೨೫ರ ಹೊತ್ತಿಗೆ ದೇಶದಲ್ಲೆಲ್ಲ ರೂಢಿಗೆ ಬಂದಿತು. ಕಬ್ಬಿನಿಂದಲೂ ಧಾನ್ಯದಿಂದಲೂ ತೆಗೆಯುವ ಮದ್ಯಸಾರ ಅದು. ಎಣ್ಣೆಗಾಗಿ ಹೊರದೇಶದವರಿಗೆ ಕೊಡುವ ಹಣ ಉಳಿಯುವುದೆಂಬ ವಾದವನ್ನು ನಾನು ತಳ್ಳಿಹಾಕುವವನಲ್ಲ. ೧೯೭೪ರ ಪುಟಗಳನ್ನು ಓದಿದವನು ತಳ್ಳಿಹಾಕಲಾರನು. ಆದರೆ ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಾಗೆ ಎಣಿಸಿದರೆ ಮಾವನವರ ಏಳು ಆರೂವರೆಗೆ ಇಳಿಯಬೇಕು. ಅಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಎಥನಾಲಿನಲ್ಲಿ ಆಮ್ಲಜನಕವೂ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹೊಸ ಗಾಡಿಯ ಕಂಪ್ಯೂಟರು ಅದನ್ನು ಅರಿತು ಸರಿಪಡಿಸಿಕೊಳ್ಳುವುದು, ಜೆಟ್ಟಿನ ರಂಧ್ರಕ್ಕೆ ಆ ಅರಿವು ಎಲ್ಲಿಯದು? ಹಳೆಯ ರಬ್ಬರಿನ ಕೊಳವೆಗಳನ್ನು ಅದು ಉಬ್ಬಿಸುವುದು. ನೀರನ್ನು ಎಳೆದುಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುವುದು. ನಮ್ಮ ಗಾಡಿಯ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಅದು ಸುಣ್ಣದಂತೆ ಬಿಳಿಯಾಗಿತ್ತು. ಮಿಸ್ತ್ರಿ ಸಾಹೇಬರ ಮೊಮ್ಮಗ ಈಗ ಅದೇ ಗ್ಯಾರೇಜನ್ನು ನಡೆಸುತ್ತಾನೆ. ಅವನು ಕೊಳವೆಗಳನ್ನೆಲ್ಲ ಕಿತ್ತು ಹೊಸ ಜಾತಿಯವನ್ನು ಹಾಕಿ, ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಕೊಟ್ಟನು. ಗೋಧಿ ಮತ್ತೆ ಬಂದಿದೆ. ಕಬ್ಬು ಬೆಳೆದ ಮಾವನವರು ಇದ್ದಿದ್ದರೆ ಏನೆನ್ನುತ್ತಿದ್ದರೋ! ಅವರ ಗದ್ದೆಯ ಕಬ್ಬನ್ನು ಅರೆಯುತ್ತಿದ್ದ ಹೊಸಪೇಟೆಯ ಕಾರ್ಖಾನೆ ಬಾಗಿಲು ಮುಚ್ಚಿ ವರುಷಗಳಾದುವು. ಕಬ್ಬು ಮಾತ್ರ ಬೇರೊಂದು ದಾರಿಯಿಂದ ಅವರ ಗಾಡಿಯ ಹೊಟ್ಟೆಯನ್ನೇ ಸೇರಿದೆ.

ಐ‌ವತ್ತು ವರ್ಷ ದಾಟಿದ ಗಾಡಿಗಳಿಗೆ ಬೇರೆ ನಂಬರು ಕೊಟ್ಟು ಪ್ರಾಚೀನವೆಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರದವರು ೨೦೨೧ರಲ್ಲಿ ತಂದರು. ಮಾವನವರ ಮಗನ ಸಲಹೆ ಅದು. ನಿಯಮವನ್ನು ಓದಿ ನೋಡಿದೆನು. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೂ ರ‍್ಯಾಲಿಗೂ ರಿಪೇರಿಗೂ ಪೆಟ್ರೋಲು ಹಾಕಿಸುವುದಕ್ಕೂ ತೆಗೆಯಬಹುದು. ಪೆಟ್ರೋಲು ಹಾಕಿಸಲು ಹೋಗಬಹುದು, ಹಾಕಿಸಿದ ಪೆಟ್ರೋಲಿನಲ್ಲಿ ತಂಗಿಯ ಮನೆಗೆ ಹೋಗುವಂತಿಲ್ಲ. ಷರಾ ಅಂಕಣದಲ್ಲಿ ಆಮೇಲೆ ಬರೆಯುವುದಾದರೂ ಏನನ್ನು? ಇಂತಿರುವಾಗ ಕಮಲಾಪುರದ ಕಡೆ ಪ್ರವಾಸಿಗಳಿಗೆ ವಸತಿಗೃಹ ನಡೆಸುವ ಗೃಹಸ್ಥರೊಬ್ಬರು ನಮ್ಮ ಮನೆಗೆ ಬಂದರು. ಗಾಡಿಯನ್ನು ಅಂಗಳದಲ್ಲಿ ಮಂಟಪ ಕಟ್ಟಿ ನಿಲ್ಲಿಸುವರಂತೆ. ಬಂದವರು ಅದಕ್ಕೆ ಒರಗಿ ಚಿತ್ರ ತೆಗೆಸಿಕೊಳ್ಳುವರಂತೆ. ಇಂಜಿನ್ನಿನಿಂದ ಎಣ್ಣೆ ಸೋರಿ ಕಲ್ಲು ಕೊಳೆಯಾಗದಂತೆ ಎಲ್ಲವನ್ನೂ ಖಾಲಿ ಮಾಡಿಸುವರಂತೆ. ಅವರು ಹೇಳಿದ ಬೆಲೆ ನನ್ನ ಎರಡು ವರ್ಷದ ಪಿಂಚಣಿಗೆ ಸಮನಾಗಿತ್ತು. ಮನೆಯವರು ಒಳಗಿನಿಂದ ನನ್ನ ಕಡೆಗೆ ನೋಡಿದುದನ್ನು ನಾನು ಕಂಡೆನು. ಸಭ್ಯರು, ಚೆನ್ನಾಗಿ ಮಾತನಾಡಿದರು, ಬಾಗಿಲನ್ನು ತೆರೆದು ನೋಡಿ ಹಿಂದಕ್ಕೆ ತೆರೆಯುವುದನ್ನು ಕಂಡು ಸಂತೋಷಪಟ್ಟರು. ಎಷ್ಟು ಕೊಡುತ್ತದೆ ಎಂದು ಮಾತ್ರ ಕೇಳಲಿಲ್ಲ. ಈ ಗಾಡಿಯನ್ನು ಕಂಡು ಆ ಪ್ರಶ್ನೆಯನ್ನು ಕೇಳದೆ ಹೋದವರು ನಾನು ಕಂಡಂತೆ ಅವರೊಬ್ಬರೇ. ಯೋಚಿಸಿ ತಿಳಿಸುವೆನೆಂದು ಹೇಳಿ ಕಳುಹಿಸಿದೆನು.

ಅವರಿಗೆ ಇನ್ನೂ ತಿಳಿಸಿಲ್ಲ. ಕಳೆದ ವಾರ ಮಾವನವರ ಮೊಮ್ಮಗಳು ರಜೆಗೆಂದು ಬಂದಿದ್ದಳು. ಅವಳಿಗೆ ಗೇರಿನ ಕೋಲನ್ನು ಹಿಡಿಯುವ ರೀತಿಯನ್ನು ಕಲಿಸಿ, ವಡ್ಡಿನಿಂದ ಸಂಡೂರಿಗೆ ಅವಳ ಕೈಯಲ್ಲಿಯೇ ಓಡಿಸಿದೆನು. ನಲವತ್ತನ್ನು ದಾಟಬೇಡವೆಂದು ಹೇಳಿದ್ದೆನು. ಎರಡು ಸಲ ದಾಟಿದಳು. ಸಂಡೂರಿನಲ್ಲಿ ಪೆಟ್ರೋಲು ಹಾಕಿಸಿದಾಗ ಭಾಗಾಕಾರವನ್ನೂ ಅವಳಿಂದಲೇ ಮಾಡಿಸಿದೆನು. ಅವಳ ಅಕ್ಷರ ದುಂಡಗಿದೆ: “ವಡ್ಡು–ಸಂಡೂರು, ಐದು ಜನ, ಬಾಳೆಗೊನೆ ೧, ೬೧/೪.”